ಕೆರೆ ದಂಡೆಯ ಬಯಲು ಊರ ಕೈಯಲ್ಲೇ ಉಳಿಯಲಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಸಂಜೆ ಹೊತ್ತು ಊರೆಲ್ಲ ಬಂದು ಕೂರುವ ನೀರಂಚಿನ ಜಾಗಕ್ಕೆ ಕಟ್ಟಡದ ಯೋಜನೆ ಬಂದಿದೆ, ಏನು ಮಾಡುವುದು? ಕಂದಾಯ ದಾಖಲೆ, ಕೆರೆ ಕಾಮಗಾರಿ, ಪರಿಸರ ಕಾನೂನು ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ನಮ್ಮೂರ ಕೆರೆ ದಂಡೆಯಲ್ಲಿ ಸುಮಾರು ಒಂದೂವರೆ ಎಕರೆ ಬಯಲಿದೆ. ಮಕ್ಕಳ ಕ್ರಿಕೆಟ್, ಬೇಸಿಗೆಯ ಯಕ್ಷಗಾನ, ಗಣಪತಿ ಬಿಡುವುದು, ಹಿರಿಯರ ಸಂಜೆ ಹರಟೆ ಎಲ್ಲ ಅಲ್ಲೇ. ಅಲ್ಲಿ ಮಳಿಗೆ, ಕಾಟೇಜು ಕಟ್ಟಲು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿದೆ. ಆದೇಶ ಯಾವುದನ್ನೂ ನಾವು ಕಂಡಿಲ್ಲ. ಈಗಲೇ ಏನಾದರೂ ಮಾಡಬಹುದೇ?
— ಯುವಕ ಸಂಘದ ಸದಸ್ಯರು, ಸಾಗರ ತಾಲ್ಲೂಕು

ಈಗಲೇ ಮಾಡಬೇಕು. ಆದೇಶ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಕಡತ ನಾಲ್ಕು ಮೇಜು ದಾಟಿರುತ್ತದೆ. ಇಂಥ ಜಾಗಗಳು ಕೈತಪ್ಪುವುದು ಬಹುಪಾಲು ಕಾಗದದಲ್ಲಿ, ಊರಲ್ಲಿ ಯಾರೂ ಪಹಣಿ ತೆಗೆಸಿ ನೋಡದ ವರ್ಷಗಳಲ್ಲಿ. ಜೆಸಿಬಿ ಬರುವುದು ಕೊನೆಗೆ.

ಮೊದಲು ಸರ್ವೆ ನಂಬರು ಹಿಡಿಯಿರಿ. ಊರವರು ‘ಕೆರೆ ಜಾಗ’ ಎನ್ನುವುದು ದಾಖಲೆಯಲ್ಲಿ ಮೂರು ನಾಲ್ಕು ನಂಬರಿಗೆ ಹಂಚಿರಬಹುದು. ಅಂಗಳ ಒಂದು ನಂಬರು, ಏರಿ ಇನ್ನೊಂದು, ಬಯಲು ಗೋಮಾಳದ್ದು, ಮೂಲೆಯ ಹತ್ತು ಗುಂಟೆ ಯಾರದೋ ಹಿಡುವಳಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಬಯಲಿನ ನಾಲ್ಕು ಮೂಲೆಯಲ್ಲೂ ನಡುವೆಯೂ ನಿಂತು ನಂಬರು ಬರೆದುಕೊಳ್ಳಿ. ಮರದಡಿ ಮೊಬೈಲಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಹಾಗಾಗಿ ನಂಬರು ತಿಳಿಯಲು ಆ್ಯಪ್ ಸಾಕು, ಗಡಿ ಹೇಳಲು ಸಾಲದು.

ನಂಬರು ಸಿಕ್ಕ ಮೇಲೆ ಐದು ಕಾಗದ ಬೇಕು: ಪ್ರತಿ ನಂಬರಿನ ಪಹಣಿ, ಗ್ರಾಮ ನಕಾಶೆ, ಆಕಾರ್‌ಬಂದ್ (ನಂಬರುವಾರು ವಿಸ್ತೀರ್ಣ, ಖರಾಬು ಬರೆದ ಸರ್ವೆ ದಾಖಲೆ), ಮೂಲ ಟಿಪ್ಪಣಿ (ಮೊದಲ ಅಳತೆಯ ನಕ್ಷೆ), ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿ. ಪಹಣಿ ನಾಡಕಚೇರಿಯಲ್ಲೇ ಸಿಗುತ್ತದೆ. ಆಕಾರ್‌ಬಂದ್ ಮತ್ತು ಟಿಪ್ಪಣಿಗೆ ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಪಹಣಿಯಲ್ಲಿ ಮಾಲೀಕರ ಹೆಸರಿಗಿಂತ ಮೊದಲು ವಿಸ್ತೀರ್ಣದ ಅಂಕಣದಲ್ಲಿರುವ ಖರಾಬು ನೋಡಿ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಹಿಡುವಳಿದಾರನ ನಂಬರಿನೊಳಗೇ ಇದ್ದರೂ ‘ಬ’ ಖರಾಬು ಅವನದಾಗುವುದಿಲ್ಲ. ಆಕಾರ್‌ಬಂದಿನಲ್ಲಿ ‘ಬ’ ಖರಾಬು 18 ಗುಂಟೆ ಇದ್ದು ಪಹಣಿಯಲ್ಲಿ 4 ಗುಂಟೆ ಎಂದಿದ್ದರೆ, ನಡುವೆ ಯಾವುದೋ ಮ್ಯುಟೇಶನ್ ನಡೆದಿದೆ, ಇಲ್ಲವೇ ಗಣಕೀಕರಣದಲ್ಲಿ ತಪ್ಪಾಗಿದೆ. ಎರಡರಲ್ಲಿ ಯಾವುದೆಂದು ಕಾಗದ ನೋಡಿಯೇ ತಿಳಿಯಬೇಕು.

ಅಳತೆಯನ್ನು ನೀವೂ ಒಮ್ಮೆ ಮಾಡಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಒಂದೂವರೆ ಎಕರೆ ಎಂದರೆ 60 ಗುಂಟೆ, 65,340 ಚದರ ಅಡಿ. ಹಗ್ಗ ಹಿಡಿದು ಅಳೆದರೆ ನಿಮ್ಮ ಅಂದಾಜು ಎಷ್ಟು ಸರಿಯೆಂದು ಅರ್ಧ ದಿನದಲ್ಲಿ ತಿಳಿಯುತ್ತದೆ. ‘ಸುಮಾರು ಒಂದೂವರೆ ಎಕರೆ’ ಎಂದು ಬರೆದ ಮನವಿಗೂ ‘ಸರ್ವೆ ನಂಬರು ಇಂತಿಷ್ಟರಲ್ಲಿ 1 ಎಕರೆ 12 ಗುಂಟೆ’ ಎಂದು ಬರೆದ ಮನವಿಗೂ ಕಚೇರಿಯಲ್ಲಿ ಸಿಗುವ ಉತ್ತರವೇ ಬೇರೆ. ಕೆರೆಯೆಲ್ಲ ನಮ್ಮದೆಂದು ಬರೆದು, ಅದರಲ್ಲಿ ಹತ್ತು ಗುಂಟೆ ಖಾಸಗಿಯವರದೆಂದು ಎದುರಿನವರು ಪಹಣಿ ತೋರಿಸಿದರೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಅಧಿಕೃತ ಅಳತೆಗೆ ತಹಶೀಲ್ದಾರರಿಗೆ ಲಿಖಿತವಾಗಿ ಕೇಳಿ, ಪಂಚಾಯ್ತಿಯಿಂದಲೂ ಕೇಳಿಸಿ. ನೀರು ಇಳಿದಿರುವ ಫೆಬ್ರುವರಿಯಿಂದ ಮೇ ನಡುವೆ ಅಳತೆ ಆಗಬೇಕು. ಮಳೆ ಹಿಡಿದ ಮೇಲೆ ಮೂಲೆ ಕಲ್ಲುಗಳು ನೀರಲ್ಲಿ, ಜೌಗಿನಲ್ಲಿ ಮುಳುಗಿರುತ್ತವೆ. ಅಳತೆಯಾದ ದಿನವೇ ಕಲ್ಲು ನೆಡಿಸಿ, ಪ್ರತಿ ಕಲ್ಲಿನ ಫೋಟೊ ತೆಗೆದಿಡಿ.

ಎರಡನೆಯದು ಮಾಹಿತಿ ಹಕ್ಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಟ್ಟರೆ ಸಾಕು. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ಮೂರು ಅರ್ಜಿ ಮಾಡಿ. ಪಂಚಾಯ್ತಿಗೆ: ಈ ನಂಬರಿನ ಬಗ್ಗೆ ಕಳೆದ ಐದು ವರ್ಷಗಳ ನಿರ್ಣಯಗಳ ನಕಲು. ತಾಲ್ಲೂಕು ಕಚೇರಿಗೆ: ಈ ನಂಬರಿನಲ್ಲಿ ನಮೂನೆ 50, 53, 57 ಅಥವಾ 94ಸಿ ಅಡಿ (ಸರ್ಕಾರಿ ನೆಲದ ಸಾಗುವಳಿ ಅಥವಾ ಮನೆ ಸಕ್ರಮ ಕೋರಿ) ಬಂದಿರುವ ಅರ್ಜಿಗಳ ಪಟ್ಟಿ. ಜಿಲ್ಲಾಧಿಕಾರಿ ಕಚೇರಿಗೆ: ಜಮೀನು ಮಂಜೂರು ಅಥವಾ ಗುತ್ತಿಗೆಯ ಪ್ರಸ್ತಾವದ ಕಡತದ ನಕಲು. ‘ಏಕೆ ಕೊಡುತ್ತಿದ್ದೀರಿ’ ಎಂದು ಕೇಳಬೇಡಿ. ಕಾರಣ ಕೇಳಿದರೆ ಉತ್ತರ ಕೊಡಬೇಕಿಲ್ಲ, ಕಾಗದ ಕೇಳಿದರೆ ಕೊಡಲೇಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಬಹಳ ಸಂಘಗಳು ಎಡವುವುದು ಇಲ್ಲಿಯೇ: ಅರ್ಜಿ ಹಾಕಿ ಮರೆತುಬಿಡುತ್ತಾರೆ.

ಇಷ್ಟೆಲ್ಲ ಮಾಡಿ ಬೇಡುವುದೇನು? ‘ಕಟ್ಟಡ ಬೇಡ’ ಎಂಬ ಮನವಿಯೊಂದೇ ಸಾಲದು. ಜಾಗ ಸರ್ಕಾರದ್ದೇ ಆಗಿ ಖಾಲಿ ಇದ್ದರೆ, ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 71ರ ಅಡಿ ಅದನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿ ಎಂದು ಜಿಲ್ಲಾಧಿಕಾರಿಗೆ ಬರೆಯಿರಿ. ಹಾಗೆ ಕಾಯ್ದಿರಿಸಿದ ನೆಲವನ್ನು ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಬೇರೆ ಬಳಕೆಗೆ ತರುವಂತಿಲ್ಲ. ಕೆರೆ ಅಂಗಳಕ್ಕೆ ಕಲಂ 67 ಇದೆ: ಹೊಳೆ, ಹಳ್ಳ, ಕೆರೆ, ಕುಂಟೆಗಳು ಬೇರೆಯವರ ಹಕ್ಕು ಸಾಬೀತಾಗದ ಹೊರತು ಸರ್ಕಾರದ ಸ್ವತ್ತು. ಹಳ್ಳಿಯ ಸಮುದಾಯ ನೆಲದ ಅತಿಕ್ರಮಣ ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನವಿಯಲ್ಲಿ ಆ ತೀರ್ಪಿನ ಹೆಸರು ಬರೆಯಿರಿ.

ಮೂರನೆಯದು ಗ್ರಾಮಸಭೆ. ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ ಆಯಿತು. ನಿರ್ಣಯದ ಒಕ್ಕಣೆಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ: ಸರ್ವೆ ನಂಬರು, ವಿಸ್ತೀರ್ಣ, ಈಗಿನ ಬಳಕೆ, ಗುತ್ತಿಗೆ ಅಥವಾ ಪರಭಾರೆಗೆ ಸಭೆಯ ಒಪ್ಪಿಗೆ ಇಲ್ಲ, ಕಲಂ 71ರ ಅಡಿ ಕಾಯ್ದಿರಿಸಲು ಶಿಫಾರಸು. ‘ಆಯ್ತು, ಬರೆದುಕೊಳ್ತೇವೆ’ ಎಂಬ ಮಾತಿಗೆ ಎದ್ದು ಬರಬೇಡಿ. ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಮಾಡಿ. ಖಾಲಿ ಹಾಳೆಯ ಹಾಜರಾತಿಗೆ ಸಹಿ ಹಾಕಿದರೆ ಅದರ ಮೇಲೆ ಏನು ಬರುತ್ತದೋ ಹೇಳಲಾಗದು. ದೃಢೀಕೃತ ನಕಲು ವಾರದೊಳಗೆ ಪಡೆಯಿರಿ. ಪಂಚಾಯ್ತಿ ಈಗಾಗಲೇ ಕಾನೂನಿಗೆ ಹೊರತಾದ ನಿರ್ಣಯ ಮಾಡಿದ್ದರೆ, ಅದರ ಜಾರಿ ತಡೆಯುವ ಅಧಿಕಾರವನ್ನು ಪಂಚಾಯತ್ ರಾಜ್ ಕಾಯ್ದೆ 1993ರ ಕಲಂ 237 ಮೇಲಧಿಕಾರಿಗಳಿಗೆ ಕೊಟ್ಟಿದೆ.

ಕೊನೆಯದು ಬಳಕೆಯ ಪುರಾವೆ. ಇದರ ಬಗ್ಗೆ ಊರುಗಳಿಗೆ ಗಮನ ಕಡಿಮೆ, ಬೆಲೆಯೋ ಬಹಳ. ‘ಪಾಳು ಬಿದ್ದ ಜಾಗ’ ಎಂದು ಕಡತದಲ್ಲಿ ಒಂದು ಸಾಲು ಸೇರಿಸುವುದು ಸುಲಭ, ಅದನ್ನು ಸುಳ್ಳೆಂದು ತೋರಿಸಲು ಕಾಗದವೇ ಬೇಕು. ಯಕ್ಷಗಾನಕ್ಕೆ ಪಂಚಾಯ್ತಿ ಕೊಟ್ಟ ಪರವಾನಗಿ, ಆ ರಾತ್ರಿಗೆ ಮೆಸ್ಕಾಂನಿಂದ ಪಡೆದ ತಾತ್ಕಾಲಿಕ ಸಂಪರ್ಕದ ರಸೀದಿ, ಮೈಕಿಗೆ ಪೊಲೀಸರ ಅನುಮತಿ, ಶಾಲೆಯ ಕ್ರೀಡಾಕೂಟದ ಕರೆಯೋಲೆ, ಜಾತ್ರೆಯ ಹ್ಯಾಂಡ್‌ಬಿಲ್, ಕೆರೆಬೇಟೆಗೆ ಕೂಣಿಗೆ (ಮೀನು ಹಿಡಿಯುವ ಬುಟ್ಟಿಗೆ) ಇಷ್ಟು ಎಂದು ಹಣ ಕಟ್ಟಿಸಿಕೊಂಡ ಚೀಟಿ ಎಲ್ಲವನ್ನೂ ಹುಡುಕಿ. ಒಂದೊಂದಕ್ಕೂ ದಿನಾಂಕ ಬರೆದು ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಪ್ರೊ ಹಾಕಿಕೊಂಡರೆ ಅದೇ ಜಾಗದ ಹಳೆಯ ವರ್ಷಗಳ ಉಪಗ್ರಹ ಚಿತ್ರ ಉಚಿತವಾಗಿ ಕಾಣುತ್ತದೆ. ಬಯಲು ಬಯಲಾಗಿಯೇ ಇದ್ದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಎಪ್ಪತ್ತು ದಾಟಿದ ಮೂರು ನಾಲ್ಕು ಹಿರಿಯರಿಂದ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿಡಿ, ತಡ ಮಾಡಬೇಡಿ.

ಒಂದು ಎಚ್ಚರಿಕೆ. ನಮೂನೆ 57ರ ಪಟ್ಟಿಯಲ್ಲಿ ದಂಡೆಯ ಅಂಚಲ್ಲಿ ಗದ್ದೆ ಮಾಡಿಕೊಂಡ ಬಡ ಬಗರ್‌ಹುಕುಂ ರೈತನ ಹೆಸರೂ ಬಂದೀತು. ಅವನನ್ನೂ ಕಾಟೇಜಿನವರನ್ನೂ ಒಂದೇ ಮನವಿಯಲ್ಲಿ ‘ಒತ್ತುವರಿದಾರರು’ ಎಂದು ಬರೆದರೆ ಊರು ಎರಡು ಹೋಳಾಗುತ್ತದೆ. ಬಯಲಿನ ಗಡಿಯನ್ನಷ್ಟೇ ಹೇಳಿ, ಅವನನ್ನು ಕೂರಿಸಿಕೊಂಡು ಮಾತಾಡಿ.

ನಮ್ಮ ಪಟ್ಟಣದ ಕೆರೆಗೆ ‘ಸೌಂದರ್ಯೀಕರಣ’ ಯೋಜನೆ ಬಂದಿದೆ. ಸುತ್ತ ಕಾಂಕ್ರೀಟ್ ದಾರಿ, ಅರ್ಧ ಎಕರೆ ಮಣ್ಣು ತುಂಬಿ ಫುಡ್ ಕೋರ್ಟ್, ಕೋಡಿಯ ಹತ್ತಿರ ಬೋಟಿಂಗ್ ಕಟ್ಟೆ. ಬೇಡವೆಂದರೆ ಅಭಿವೃದ್ಧಿ ವಿರೋಧಿಗಳು ಎನ್ನುತ್ತಾರೆ. ಯಾವುದನ್ನು ಒಪ್ಪಬಹುದು, ಯಾವುದನ್ನು ಬಿಡಬಾರದು?
— ಬೆಳಗಿನ ನಡಿಗೆ ಬಳಗ, ಶಿವಮೊಗ್ಗ ಜಿಲ್ಲೆ

ನಡೆಯುವ ದಾರಿ ಬೇಕು, ಕೂರಲು ಕಟ್ಟೆ ಬೇಕು, ಹೆಂಗಸರಿಗೆ ಶೌಚಾಲಯ ಬೇಕು. ಇವನ್ನು ಒಪ್ಪಿ, ನಾವು ಒಪ್ಪಿದ್ದೇವೆಂದು ಬರೆದೂ ಕೊಡಿ. ತಡೆಯಬೇಕಾದ್ದು ಎರಡು: ಅಂಗಳಕ್ಕೆ ಮಣ್ಣು ತುಂಬುವುದು, ಕೋಡಿ ಕಿರಿದು ಮಾಡುವುದು. ಇವೆರಡರ ಲೆಕ್ಕ ಸಭೆಯಲ್ಲಿ ಬಾಯಿಪಾಠವಾಗಿ ಹೇಳಲು ಬರಬೇಕು.

ಅರ್ಧ ಎಕರೆ ಎಂದರೆ ಸುಮಾರು 2,023 ಚದರ ಮೀಟರ್. ಒಂದೂವರೆ ಮೀಟರ್ ಎತ್ತರಕ್ಕೆ ತುಂಬಿದರೆ 3,000 ಘನ ಮೀಟರಿಗಿಂತ ಹೆಚ್ಚು ಮಣ್ಣು, ಅಂದರೆ ಕೆರೆ ಹಿಡಿಯುತ್ತಿದ್ದ 30 ಲಕ್ಷ ಲೀಟರ್ ನೀರಿಗೆ ಜಾಗ ಹೋಯಿತು. ಟಿಪ್ಪರಿಗೆ 6 ಘನ ಮೀಟರ್ ಹಿಡಿದರೂ 500 ಲೋಡ್. ಅಷ್ಟು ಮಣ್ಣು ಯಾವ ಗುಡ್ಡದಿಂದ ಬರುತ್ತದೆ, ಯಾರ ಪರವಾನಗಿಯಲ್ಲಿ ಎಂದೂ ಕೇಳಿ.

ಕೋಡಿಯದು ಇನ್ನೂ ಗಂಭೀರ. ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣ ಅದರ ಉದ್ದಕ್ಕೂ, ನೀರಿನ ಎತ್ತರದ ಒಂದೂವರೆ ಘಾತಕ್ಕೂ ಅನುಗುಣ. ಆರು ಮೀಟರ್ ಉದ್ದದ ಕೋಡಿಯಲ್ಲಿ ಭಾರಿ ಮಳೆಯ ದಿನ ಅರ್ಧ ಮೀಟರ್ ನೀರು ಹಾಯುತ್ತಿತ್ತು ಎನ್ನಿ. ಬೋಟಿಂಗ್ ಕಟ್ಟೆ ಕಟ್ಟಿ ಅದನ್ನು ಮೂರು ಮೀಟರಿಗೆ ಇಳಿಸಿದರೆ ಅಷ್ಟೇ ನೀರು ಹೊರಹೋಗಲು ಸುಮಾರು 80 ಸೆಂಟಿಮೀಟರ್ ಏರಬೇಕು. ಆ ಹೆಚ್ಚಿನ 30 ಸೆಂಟಿಮೀಟರನ್ನು ತಾಳುವಷ್ಟು ಏರಿ ಎತ್ತರವಿದೆಯೇ? ಮಣ್ಣಿನ ಏರಿಯ ಮೇಲೆ ನೀರು ಒಮ್ಮೆ ಹಾಯ್ದರೆ ಹೊರಮೈ ಕೊರೆದು, ಕೆಲವೇ ಗಂಟೆಗಳಲ್ಲಿ ಒಡೆಯಬಹುದು. ನಮ್ಮದು ಬಯಲುಸೀಮೆಯಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಎಲ್ಲೇ ಆಗಲಿ, ಒಂದು ದಿನದಲ್ಲಿ 100 ಮಿಲಿಮೀಟರ್ ಬಿದ್ದರೆ ಒಂದೊಂದು ಎಕರೆಯ ಮೇಲೂ 4 ಲಕ್ಷ ಲೀಟರ್ ಸುರಿದಂತೆ. ಕೆರೆಗೆ ಬರುವ ಹಳ್ಳ, ಕಾಲುವೆಗಳ ಬಾಯನ್ನೂ ಕಾಂಕ್ರೀಟ್ ದಾರಿ ಮುಚ್ಚಬಾರದು. ಪ್ರತಿ ಒಳಹರಿವಿಗೂ ಮೋರಿ ಎಲ್ಲಿದೆ, ಎಷ್ಟು ಅಗಲ ಎಂದು ನಕ್ಷೆಯಲ್ಲಿ ತೋರಿಸಲು ಹೇಳಿ. ನಕ್ಷೆಯಲ್ಲಿ ಪೂರ್ಣ ನೀರಿನ ಮಟ್ಟದ ಗೆರೆಯೇ ಇಲ್ಲದಿದ್ದರೆ ಅದು ಕೆರೆಯ ನಕ್ಷೆಯೇ ಅಲ್ಲ, ತಿರುಗಿಸಿ ಕಳಿಸಿ.

ಬದಲಿ ಏನೆಂದು ಕೇಳುತ್ತಾರೆ, ಸಿದ್ಧವಾಗಿರಿ. ಪೂರ್ಣ ನೀರಿನ ಮಟ್ಟಕ್ಕಿಂತ ಮೇಲೆ ಒಂದೂವರೆಯಿಂದ ಎರಡು ಮೀಟರ್ ಅಗಲದ ದಾರಿ ಇಬ್ಬರು ಜೊತೆಯಾಗಿ ನಡೆಯಲು ಸಾಕು. ಕಾಂಕ್ರೀಟ್ ಬದಲು ಜಲ್ಲಿ ಹಾಸಿ ಗುದ್ದಿದ ತಳದ ಮೇಲೆ ಜಂಬಿಟ್ಟಿಗೆ ಅಥವಾ ಕಲ್ಲು ಹಾಸಬಹುದು, ಸಂದಿಗೆ ಸಿಮೆಂಟು ಬೇಡ. ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಟ್ಟು ಪಕ್ಕದಲ್ಲಿ ಹುಲ್ಲಿನ ಪಟ್ಟಿ ಬಿಟ್ಟರೆ ಮಳೆನೀರು ನಿಲ್ಲದೆ ಇಂಗುತ್ತದೆ. ಏರಿಯ ಮೇಲೆ ದೊಡ್ಡ ಮರ ನೆಡಬೇಡಿ. ಬೇರು ಸತ್ತ ದಾರಿಯಲ್ಲೇ ನೀರು ಜಿನುಗುತ್ತದೆ. ಏರಿಯ ಹೊರಬುಡವನ್ನು ಮಳಿಗೆಗಾಗಿ ಕಡಿಯಲು ಬಿಡಲೇಬೇಡಿ. ಶೌಚಾಲಯದ ಇಂಗುಗುಂಡಿಗೆ ಕೆರೆಯ ಮೇಲ್ಬದಿ ಬೇಡ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕೊಳಚೆ ಬಹುಬೇಗ ಇಳಿದು ಕೆರೆ ಸೇರುತ್ತದೆ.

ಆಮೇಲೆ ಟೆಂಡರ್ ಕರಾರು ಓದಿ. ನಿರ್ವಹಣೆ ಎಂಬ ಹೆಸರಿನಲ್ಲಿ ಎಷ್ಟು ವರ್ಷ, ಗೇಟಿಗೆ ಶುಲ್ಕ ಇದೆಯೇ, ಎಷ್ಟು ಗಂಟೆಗೆ ಬೀಗ, ಜಾಹೀರಾತು ಫಲಕ ಯಾರದು, ಒಳಗುತ್ತಿಗೆಗೆ ಅವಕಾಶ ಇದೆಯೇ? ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ಪುಕ್ಕಟೆ ಪ್ರವೇಶ ಎಂಬುದು ಕರಾರಿನ ಒಳಗೇ ಇರಬೇಕು, ಭಾಷಣದಲ್ಲಿ ಇದ್ದರೆ ಸಾಲದು. ಪುರಸಭೆ, ನಗರಸಭೆಗಳ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಕರ್ನಾಟಕ ಪೌರಸಭೆಗಳ ಕಾಯ್ದೆ 1964ರ ಕಲಂ 306ರಲ್ಲಿ ಜಿಲ್ಲಾಧಿಕಾರಿಗಿದೆ. ಆ ಜಾಗ ಪಟ್ಟಣದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಉದ್ಯಾನ ಅಥವಾ ತೆರೆದ ಜಾಗ ಎಂದಿದ್ದರೆ ನಿಮ್ಮ ಕೈ ಇನ್ನೂ ಗಟ್ಟಿ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದು ಸರಿಯಲ್ಲವೆಂದು 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪ್ರಶ್ನಿಸಿದ್ದು ಆ ಬಡಾವಣೆಯ ನಿವಾಸಿಗಳೇ. ಭೂಬಳಕೆ ಬದಲಿಸಬೇಕಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14ಎ ಅಡಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದು ಹೋಗುತ್ತದೆ. ಬಳಗದಲ್ಲಿ ಒಬ್ಬರಾದರೂ ದಿನವೂ ಅದನ್ನೇ ನೋಡುವ ಕೆಲಸ ಹೊತ್ತುಕೊಳ್ಳಲಿ.

ಕೆರೆಯಿಂದ 75 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ ಎಂದು ಕೇಳಿದ್ದೇವೆ. ಜೌಗುಭೂಮಿ ನಿಯಮವೂ ಇದೆಯಂತೆ. ಅವನ್ನೇ ಹಿಡಿದುಕೊಂಡರೆ ಸಾಲದೇ?
— ಸೊರಬ

ಸಾಲದು, ಕೆಡುಕೂ ಆದೀತು. ಆ 75 ಮೀಟರ್ 2016ರಲ್ಲಿ ಬೆಂಗಳೂರಿನ ಕೆರೆಗಳ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗಲೂ ಮನವಿಗಳಲ್ಲಿ ಅದೇ ಸಂಖ್ಯೆ ಬರುತ್ತಿದೆ, ಎದುರಿನ ವಕೀಲರಿಗೆ ಅಷ್ಟೇ ಸಾಕು. ಮೀಸಲು ಅಂತರ ಎಷ್ಟೆಂದು ನಿಮ್ಮ ಊರಿನ ಯೋಜನಾ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿ, ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆಯ ಇತ್ತೀಚಿನ ರೂಪದಲ್ಲಿ ನೋಡಿ ಬರೆಯಿರಿ. ಜೌಗುಭೂಮಿ ನಿಯಮ 2017ರಿಂದ ಹೊಳೆಯ ಪಾತ್ರ, ಗದ್ದೆ, ಕುಡಿಯುವ ನೀರಿಗೆ ಅಥವಾ ನೀರಾವರಿಗೆಂದು ಕಟ್ಟಿದ ಕೆರೆಗಳು ಹೊರಗಿವೆ. ಮಲೆನಾಡಿನ ಊರಕೆರೆಗಳಲ್ಲಿ ಬಹುಪಾಲು ನೀರಾವರಿಗೆ ಕಟ್ಟಿದವೇ.

ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ ಬೇಸಿಗೆಯಲ್ಲಿ ನೀರಿಳಿದಾಗ ಹುಲ್ಲುಬಯಲು ತೆರೆಯುತ್ತದೆ. ಸುತ್ತಲ ಹಳ್ಳಿಯವರಿಗೆಲ್ಲ ಅದೇ ಸಮುದ್ರ ತೀರ. ಅಲ್ಲಿ ಬೇಲಿ, ಟೆಂಟು ಏಳುತ್ತಿವೆ. ಇದು ಯಾರ ಜಾಗ?
— ಹೊಸನಗರ ತಾಲ್ಲೂಕು

ನೀರು ಇಳಿದಾಗ ಒಣಗಿದೆ ಎಂದ ಮಾತ್ರಕ್ಕೆ ಅದು ಖಾಲಿ ಜಾಗವಲ್ಲ, ಜಲಾಶಯವೇ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಆ ಮಟ್ಟದವರೆಗಿನ ನೆಲ ಶರಾವತಿ ಯೋಜನೆಗೆ ಸ್ವಾಧೀನವಾದದ್ದು. ಕೆಲವು ವರ್ಷ ಮಳೆ ಕಡಿಮೆಯಾಗಿ ನೀರು ಅಲ್ಲಿಗೆ ತಲುಪುವುದಿಲ್ಲ, ಅಂಥ ವರ್ಷಗಳಲ್ಲೇ ಬೇಲಿ ಮುಂದೆ ಮುಂದೆ ಬರುತ್ತದೆ. ಆದ್ದರಿಂದ ದೂರಿನಲ್ಲಿ ‘ನೀರಿನಿಂದ ಇಷ್ಟು ಮೀಟರ್’ ಎಂದು ಬರೆಯಬೇಡಿ, ನೀರು ದಿನವೂ ಜರುಗುತ್ತದೆ. ‘1,819 ಅಡಿ ಮಟ್ಟದ ಗೆರೆಯ ಒಳಗೆ ಇದೆಯೋ ಹೊರಗೋ, ಅಳೆದು ಹೇಳಿ’ ಎಂದು ತಹಶೀಲ್ದಾರರಿಗೂ ಕರ್ನಾಟಕ ವಿದ್ಯುತ್ ನಿಗಮಕ್ಕೂ ಬರೆಯಿರಿ. ಗೆರೆಯ ಹೊರಗಾದರೆ ಕಾಡೋ ಕಂದಾಯವೋ ನೋಡಿ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಗಡಿಯೊಳಗೆ ಬಂದರೆ ವನ್ಯಜೀವಿ ಕಾನೂನು ಲಾಗೂ ಆಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 1964ರ ಅಣೆಕಟ್ಟಿಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ತಾವಿರುವ ನೆಲದ ಹಕ್ಕುಪತ್ರ ಇಂದಿಗೂ ಕೈಗೆ ಬಂದಿಲ್ಲ. ‘ಹಿನ್ನೀರಿನ ಸುತ್ತಲ ಎಲ್ಲ ಒತ್ತುವರಿ ತೆರವು ಮಾಡಿ’ ಎಂದು ಬರೆದ ಅರ್ಜಿ ರೆಸಾರ್ಟಿನವರಿಗೆ ತಟ್ಟುವ ಮೊದಲು ಆ ಮುಳುಗಡೆ ಸಂತ್ರಸ್ತರ ಬಾಗಿಲು ತಟ್ಟುತ್ತದೆ. ಬೇಲಿ ಎದ್ದ ಜಾಗದ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಬರೆದು, ಆ ಬೇಲಿಯ ಬಗ್ಗೆ ಮಾತ್ರ ದೂರು ಕೊಡಿ.

ನಮ್ಮ ಮೂಲ ಮನೆ ಹೊನ್ನಾವರ ಕಡೆ. ಘಟ್ಟದ ಮೇಲಿನಿಂದ ಮಕ್ಕಳು ಮೊಮ್ಮಕ್ಕಳು ಸೇರುವ ಕಡಲತಡಿಯ ಬಯಲಿದೆ, ವಾಲಿಬಾಲ್ ಕೋರ್ಟು, ಗಾಳಿಮರದ ನೆರಳು. ಅಲ್ಲಿ ರೆಸಾರ್ಟ್ ಬರುತ್ತದಂತೆ. ಶಿವಮೊಗ್ಗದಲ್ಲಿದ್ದುಕೊಂಡು ಏನು ಮಾಡಬಹುದು?
— ಶಿವಮೊಗ್ಗ ನಗರ

ಕಡಲತಡಿಗೆ ಕೆರೆಗಿಂತ ಬಲವಾದ ಕಾನೂನಿದೆ: 2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಸಿಆರ್‌ಝಡ್. ಭರತದ ಗೆರೆಯಿಂದ (ಕಡಲು ಉಬ್ಬಿದಾಗ ನೀರು ಏರಿ ಮುಟ್ಟುವ ಗೆರೆ) 500 ಮೀಟರಿನವರೆಗಿನ ನೆಲ ಅದರ ವ್ಯಾಪ್ತಿಗೆ ಬರುತ್ತದೆ. ಗ್ರಾಮೀಣ ತೀರದಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆ ಇದ್ದರೆ ಅದು 3ಎ ವಲಯ, ಅಲ್ಲಿ ಕಟ್ಟಡ ನಿಷೇಧ 50 ಮೀಟರ್. ಅದಕ್ಕಿಂತ ಕಡಿಮೆ ಇದ್ದರೆ 3ಬಿ, ನಿಷೇಧ 200 ಮೀಟರ್. ಮರಳುದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಮೊಟ್ಟೆಯಿಡುವ ಜಾಗಗಳು 1ಎ, ಅಲ್ಲಿ ಕಟ್ಟು ಇನ್ನೂ ಬಿಗಿ. ಭರತದ ನೀರು ಒಳಗೆ ಬರುವ ಹೊಳೆ, ಉಪ್ಪುನೀರಿನ ಕವಲುಗಳ ದಡದಲ್ಲಿ ವ್ಯಾಪ್ತಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು.

ಹೆಚ್ಚು ಜನ ತಪ್ಪುವುದು ಭರತದ ಗೆರೆಯಲ್ಲಿ. ಅಲೆ ಬಂದು ನಿಂತ ಗುರುತಿನಿಂದ ಟೇಪು ಹಿಡಿದು 200 ಮೀಟರ್ ಅಳೆದರೆ ಅದಕ್ಕೆ ಬೆಲೆಯಿಲ್ಲ. ಅನುಮೋದಿತ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಎಳೆದ ಗೆರೆಯೇ ಗೆರೆ. ಆ ನಕ್ಷೆ ತೆಗೆದು ನಿಮ್ಮ ಸರ್ವೆ ನಂಬರಿನ ಮೇಲೆ ಕೂರಿಸಿ ನೋಡಿ. ಇನ್ನೊಂದು ಸಂದಿ ಇದೆ: ನಿಷೇಧ ವಲಯದಲ್ಲೂ ತಾತ್ಕಾಲಿಕ ಪ್ರವಾಸಿ ಸೌಕರ್ಯಕ್ಕೆ, ಅಂದರೆ ಗುಡಿಸಲು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿಗೆ, ಭರತದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು ಅವಕಾಶ ಇದೆ. ಹೆಸರಿಗೆ ತಾತ್ಕಾಲಿಕ ಎಂದು ಅನುಮತಿ ಪಡೆದು ತಳಪಾಯ ತೋಡಿದರೆ ಅದು ಉಲ್ಲಂಘನೆ. ತಳಪಾಯದ ಹಂತದಲ್ಲೇ ಫೋಟೊ ತೆಗೆಸಿ.

ದೂರು ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ಸಮಿತಿಗೆ, ಪ್ರತಿ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ. ಶಿವಮೊಗ್ಗದಿಂದಲೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ಆದರೆ ಅಲ್ಲಿನ ಮೀನುಗಾರರ ಸಂಘದ ಸಹಿ ಇಲ್ಲದೆ ಹೆಜ್ಜೆ ಇಡಬೇಡಿ. ದೋಣಿ ಎಳೆದಿಡುವ, ಬಲೆ ಒಣಗಿಸುವ ಅವರ ಬಳಕೆಯೇ ಆ ಬಯಲಿನ ಅತಿ ಗಟ್ಟಿ ಹಕ್ಕು. ರಜೆಗೆ ಬರುವವರ ಮಾತು ಅದರ ನಂತರದ್ದು.

ಶನಿವಾರ ಸಂಜೆ ದಿಢೀರನೆ ಜೆಸಿಬಿ ಬಂದರೆ ಆ ರಾತ್ರಿ ಮಾಡಬೇಕಾದ್ದೇನು?
— ತೀರ್ಥಹಳ್ಳಿ

ಸೋಮವಾರದವರೆಗೆ ಕಚೇರಿ, ಕೋರ್ಟು ಇಲ್ಲವೆಂದೇ ಶನಿವಾರ ಬರುತ್ತಾರೆ. ಜಿಪಿಎಸ್ ಮತ್ತು ಸಮಯ ಮೂಡುವ ಕ್ಯಾಮೆರಾ ಆ್ಯಪಿನಲ್ಲಿ ಯಂತ್ರದ ನೋಂದಣಿ ಸಂಖ್ಯೆ, ಅಗೆದ ಜಾಗ, ಹತ್ತಿರದ ಗುರುತುಕಲ್ಲು ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆಯಿರಿ. 112ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರು ಮೂವರಿಗೂ ಅದೇ ಫೋಟೊ, ಅದೇ ಎರಡು ಸಾಲು ವಾಟ್ಸ್‌ಆ್ಯಪಿನಲ್ಲಿ ಕಳಿಸಿ. ಕೆಲಸದ ಆದೇಶ ತೋರಿಸಿ ಎಂದು ಕೇಳಿ, ಆ ಮಾತುಕತೆಯ ವಿಡಿಯೊ ಇರಲಿ. ಚಾಲಕನ ಮೈಮುಟ್ಟಬೇಡಿ, ಕೀಲಿ ಕಿತ್ತುಕೊಳ್ಳಬೇಡಿ, ಕಲ್ಲು ಎಸೆಯಲು ಹುಡುಗರನ್ನು ಬಿಡಬೇಡಿ. ಒಂದು ಹಲ್ಲೆಯ ಕೇಸು ಬಿದ್ದರೆ ಇಡೀ ಸಂಘ ಜಾಮೀನಿನ ಓಡಾಟದಲ್ಲಿ ವರ್ಷ ಕಳೆಯುತ್ತದೆ, ಬಯಲು ಅಷ್ಟರಲ್ಲಿ ಹೋಗಿರುತ್ತದೆ.

ಸೋಮವಾರ ಬೆಳಿಗ್ಗೆ ಕಚೇರಿಯ ಟಪಾಲು ವಿಭಾಗದಲ್ಲಿ ದೂರು ಕೊಟ್ಟು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡುವಂತೆ ದೂರಿನಲ್ಲೇ ಕೇಳಿ. ಸಾರ್ವಜನಿಕ ದಾರಿ ಅಥವಾ ನೀರಿಗೆ ಅಡ್ಡಿಯಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 152ರ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಲ್ಲಿ ತೆರವಿಗೆ ಅರ್ಜಿ ಹಾಕಬಹುದು. ಪರಿಸರ ಕಾನೂನಿನ ಪ್ರಶ್ನೆಯಿದ್ದರೆ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಘಟನೆಯಿಂದ ಆರು ತಿಂಗಳೊಳಗೆ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗುತ್ತದೆ, ಅದಾದ ಮೇಲೆ ಆ ಬಾಗಿಲು ಮುಚ್ಚಿತು. ಹೈಕೋರ್ಟಿಗಾದರೆ ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿನ ಪ್ರಧಾನ ಪೀಠಕ್ಕೆ. ಅಲ್ಲಿ ವಕೀಲರು ಮೊದಲು ಕೇಳುವುದು ಪಹಣಿ, ನಕಾಶೆ, ಗ್ರಾಮಸಭೆ ನಿರ್ಣಯ, ಮೊಹರು ಬಿದ್ದ ದೂರಿನ ಪ್ರತಿ. ಆ ಫೈಲಿನ ಒಂದು ಜೊತೆ ಸಂಘದ ಕಚೇರಿಯಲ್ಲಿ, ಇನ್ನೊಂದು ಯಾರದಾದರೂ ಮನೆಯಲ್ಲಿ ಇಂದಿನಿಂದಲೇ ಇರಲಿ.